ಅರವತ್ತೊಂದನೇ ಚಿತ್ರ

ಕ್ಸಾರ್ ಹಿಲಾಲ್
14 ಜನವರಿ 2023

ಸಮಿತಿಯ ವೆಬ್‌ಸೈಟ್ ನೋಡಿಕೊಳ್ಳುವ ಹೈಕಲ್ ಅವರಿಗೆ,

ನಿಮ್ಮ ಸೈಟಿನಲ್ಲಿ ನಮ್ಮಂಥವರು ಬರೆಯಲೆಂದು ಕೊಟ್ಟಿರುವ ಪೆಟ್ಟಿಗೆಯಲ್ಲಿ ಇನ್ನೂರು ಅಕ್ಷರ ಮಾತ್ರ ಹಿಡಿಸುತ್ತದೆ. ನನ್ನ ಮಾತು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಕಾಗದದ ಮೇಲೆ ಬರೆದು ಲುವಾಜ್ ಗಾಡಿಯ ಮೊನ್ಸೆಫ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ದಿನಾ ಎಂಟು ಜನರನ್ನು ತುಂಬಿಕೊಂಡು ಸಫಾಕಸ್‌ಗೆ ಹೋಗುತ್ತಾನೆ, ನಿಮ್ಮ ಕಚೇರಿ ನಿಲ್ದಾಣದ ಎದುರೇ ಇದೆಯಂತೆ. ಉತ್ತರವನ್ನೂ ಅವನ ಕೈಗೇ ಕೊಡಿ. ಮಗಳು ಅರೀಜ್‌ಗೆ ಹೇಳಿ ಫೋನಿನಲ್ಲಿ ಬರೆಸಬಹುದಿತ್ತು. ಆದರೆ ಅವಳು ಎರಡು ಸಾಲು ಒತ್ತುವಷ್ಟರಲ್ಲಿ ಅಳುತ್ತಾಳೆ, ಕೆಲಸ ಮುಂದೆ ಸಾಗುವುದಿಲ್ಲ.

ನಾನು ಶಾದ್ಲಿಯಾ. ಇಪ್ಪತ್ತಾರು ವರ್ಷ ಇಲ್ಲಿಯ ಗಾರ್ಮೆಂಟ್ಸ್‌ನಲ್ಲಿ ಜೀನ್ಸ್ ಹೊಲಿದವಳು. ನನ್ನ ಮಗ ವಜ್ದಿಗೆ ಇಪ್ಪತ್ತೆರಡು ವರ್ಷ. ಹೋದ ಅಕ್ಟೋಬರ್ ಹದಿನೇಳರಂದು ನಿಮ್ಮ ಊರಿನ ಹತ್ತಿರದ ದಡದಿಂದ ಇಟಲಿಗೆಂದು ದೋಣಿ ಹತ್ತಿದ. ಆಮೇಲೆ ಸುದ್ದಿಯಿಲ್ಲ.

ಸಮುದ್ರ ದಡಕ್ಕೆ ತಂದು ಹಾಕಿದವರನ್ನು ಹೂಳುವ ಮುಂಚೆ ಅವರ ಬಟ್ಟೆಬರೆಯ ಫೋಟೋ ತೆಗೆದು, ಒಂದೊಂದಕ್ಕೆ ಒಂದೊಂದು ಸಂಖ್ಯೆ ಕೊಟ್ಟು, ನಿಮ್ಮ ಸಮಿತಿ ಸೈಟಿನಲ್ಲಿ ಹಾಕುತ್ತದೆ. ಒಂದರಿಂದ ಎಂಬತ್ತಮೂರರವರೆಗೆ ಎಲ್ಲವನ್ನೂ ನೋಡಿದೆ. ಎಂಬತ್ತೆರಡು ಚಿತ್ರಗಳನ್ನು ದಾಟಿ ಬಂದೆ. ಅರವತ್ತೊಂದನೆಯದನ್ನು ಮಾತ್ರ ದಾಟಲಾಗುತ್ತಿಲ್ಲ. ನೀಲಿ ಜೀನ್ಸ್, ಬಲಗಡೆಯ ಹಿಂಜೇಬಿನ ಮೂಲೆಯಲ್ಲಿ ಕಿತ್ತಳೆ ಬಣ್ಣದ ನೂಲು. ಆಗಸ್ಟ್ ತಿಂಗಳಲ್ಲಿ ವಜ್ದಿಯ ಪ್ಯಾಂಟು ಅದೇ ಮೂಲೆಯಲ್ಲಿ ಹರಿದಾಗ ಅದೇ ಬಣ್ಣದ ನೂಲಿನಿಂದ ಕೈಹೊಲಿಗೆ ಹಾಕಿಕೊಟ್ಟಿದ್ದೆ. ಆದರೆ ಅಂಥ ಪ್ಯಾಂಟು ನಮ್ಮ ಕಾರ್ಖಾನೆಯೊಂದರಲ್ಲೇ ದಿನಕ್ಕೆ ಎಂಟುನೂರು ತಯಾರಾಗುತ್ತಿತ್ತು. ಚೂರುಪಾರು ದೋಷವಿದ್ದದ್ದು ಇಲ್ಲೇ ಸಂತೆಗೆ ಬರುತ್ತಿತ್ತು. ಈ ಕರಾವಳಿಯ ಅರ್ಧ ಹುಡುಗರ ಮೈಮೇಲೆ ಅದೇ ಇದೆ. ಎಲ್ಲದರ ಜೇಬೂ ಅಲ್ಲೇ ಹರಿಯುತ್ತದೆ, ಎಲ್ಲ ತಾಯಂದಿರೂ ಹೊಲಿಯುತ್ತಾರೆ. ಹೊಲಿಗೆ ಕಂಡರೆ ನನ್ನದೋ ಅಲ್ಲವೋ ಒಂದೇ ನೋಟಕ್ಕೆ ಹೇಳಬಲ್ಲೆ. ನಿಮ್ಮ ಚಿತ್ರದಲ್ಲಿ ಹೊಲಿಗೆಯೇ ಕಾಣುವುದಿಲ್ಲ, ಕಿತ್ತಳೆ ಬಣ್ಣ ಬೆರಳಲ್ಲಿ ಒರೆಸಿದ ಹಾಗಿದೆ.

ವಿಚಿತ್ರ ಏನೆಂದರೆ, ಪಕ್ಕದ ಮನೆಯವಳ ಹಳೇ ಫೋನಿನಲ್ಲಿ ಅದೇ ಚಿತ್ರ ಇಷ್ಟು ಮಸುಕಿಲ್ಲ, ಅಂಚುಗಳಾದರೂ ಕಾಣುತ್ತವೆ. ಅರೀಜ್ ಹೊಸದಾಗಿ ಕೊಂಡ ಫೋನಿನಲ್ಲಿ ಪೂರಾ ಮಸುಕು. ಫೋನ್ ಅಂಗಡಿಗೆ ತೆಗೆದುಕೊಂಡು ಹೋದೆ. "ಫೋನಿಗೇನೂ ಆಗಿಲ್ಲ ಖಾಲ್ತಿ, ಇದರ ಪರದೆ ತುಂಬ ಚೂಪು. ಸೈಟಿನವರು ಕೊಟ್ಟಿರೋ ಫೋಟೋನೇ ಬಡಕಲು" ಎಂದ ಅಂಗಡಿಯವನು. ಬಡಕಲು ಚಿತ್ರ ಯಾಕೆ ಕೊಡುತ್ತೀರಿ? ಇದು ಹೋಟೆಲಿನ ಜಾಹೀರಾತಲ್ಲ. ದೊಡ್ಡ ಚಿತ್ರ ಹಾಕಿ. ಕೈಮುಗಿದು ಕೇಳುತ್ತೇನೆ.

ಶಾದ್ಲಿಯಾ


ಸಫಾಕಸ್
21 ಜನವರಿ 2023

ಖಾಲ್ತಿ ಶಾದ್ಲಿಯಾ ಅವರಿಗೆ,

ಮೊನ್ಸೆಫ್ ನಿಮ್ಮ ಕಾಗದ ತಂದುಕೊಟ್ಟು, "ಆ ಅಮ್ಮನ್ನ ಕಾಯಿಸ್ಬೇಡ, ಉತ್ತರ ತರದೇ ಇದ್ರೆ ನನ್ನ ಗಾಡಿ ಗಾಜು ಒಡೀತಾಳೆ" ಎಂದು ಹೇಳಿಹೋದ. ತಡವಾದದ್ದಕ್ಕೆ ಕ್ಷಮಿಸಿ. ಹೊಟ್ಟೆಪಾಡಿಗೆ ನಾನು ಮಾಡುವುದು ನಿಜಕ್ಕೂ ಹೋಟೆಲುಗಳ ಸೈಟೇ. ಸಮಿತಿಯ ಕೆಲಸವನ್ನು ಭಾನುವಾರ ಮಾಡುತ್ತೇನೆ.

ಅಂಗಡಿಯವನು ಹೇಳಿದ್ದು ಸರಿ. ಹಳೇ ಪರದೆಯಲ್ಲಿ ಒಂದು ಚುಕ್ಕೆ ಕೂರುವ ಜಾಗದಲ್ಲಿ ಹೊಸ ಪರದೆಯಲ್ಲಿ ನಾಲ್ಕು ಚುಕ್ಕೆ ಕೂರುತ್ತವೆ. ರೆಟಿನಾ ಪರದೆ ಎನ್ನುತ್ತಾರೆ. ನಾನು ಹಾಕಿದ ಚಿತ್ರದಲ್ಲಿರುವುದು ಹಳೇ ಲೆಕ್ಕದ ಚುಕ್ಕೆ. ಹೊಸ ಫೋನು ಒಂದೊಂದನ್ನೂ ನಾಲ್ಕಾಗಿ ಎಳೆದು ಹಾಸುತ್ತದೆ, ಅದಕ್ಕೇ ಮಸುಕು. ಹಳ್ಳಿಗಳಲ್ಲಿ ನೆಟ್ ನಿಧಾನ, ಬಡವರ ಡೇಟಾ ಖರ್ಚಾಗಬಾರದು ಎಂದು ಎರಡು ವರ್ಷದ ಹಿಂದೆ ನಾನೇ ಎಲ್ಲವನ್ನೂ ಕುಗ್ಗಿಸಿದೆ. ಆಗ ಅದು ಒಳ್ಳೆಯ ಕೆಲಸ ಅನ್ನಿಸಿತ್ತು.

ಸರಿಮಾಡುವ ದಾರಿ ಇದೆ. ಪ್ರತಿ ಚಿತ್ರಕ್ಕೂ ಎರಡು ಪ್ರತಿ ಇಡಬೇಕು. ಒಂದು ಸಾಧಾರಣ, ಇನ್ನೊಂದು ಎರಡರಷ್ಟು ಅಗಲ. ಯಾವುದು ಬೇಕೆಂದು ಫೋನು ತಾನೇ ಆರಿಸಿಕೊಳ್ಳುತ್ತದೆ. ಮಾಡಿಕೊಡುತ್ತೇನೆ.

ಆದರೆ ಒಂದು ಮಾತು, ಖಾಲ್ತಿ. ಬಟ್ಟೆಗಳನ್ನು ಆ ದಿನವೇ ಸುಡುತ್ತಾರೆ, ಆದ್ದರಿಂದ ಇಲ್ಲಿಗೆ ಬಂದರೂ ನೋಡಲು ಏನೂ ಇಲ್ಲ. ಆದರೆ ಪರೀಕ್ಷೆಗೆಂದು ಮೂಳೆಯ ಚೂರನ್ನು ಆರು ತಿಂಗಳು ಇಟ್ಟಿರುತ್ತಾರೆ. ಅರವತ್ತೊಂದು ದಡಕ್ಕೆ ಬಂದದ್ದು ನವೆಂಬರ್ ಐದಕ್ಕೆ. ಮೇ ಐದರೊಳಗೆ "ಇವನು ನಮ್ಮವನು" ಎಂದು ಮನೆಯವರು ಸಹಿ ಹಾಕಿಕೊಟ್ಟರೆ ಮಾತ್ರ ರಕ್ತ ತೆಗೆದು ಹೋಲಿಸುತ್ತಾರೆ. ಆಮೇಲೆ ಆ ಚೂರೂ ಇರುವುದಿಲ್ಲ. ಚಿತ್ರಕ್ಕೆ ಕಾಯದೆ ನೀವು ಸಹಿ ಹಾಕಬಹುದಲ್ಲ?

ಹೈಕಲ್


ಕ್ಸಾರ್ ಹಿಲಾಲ್
2 ಫೆಬ್ರವರಿ 2023

ಮಗಾ ಹೈಕಲ್,

ಖಾಲ್ತಿ, ಚಿಕ್ಕಮ್ಮ ಎಂದು ಕರೆದೆಯಲ್ಲ, ಇನ್ನು ನೀನು ಎಂದೇ ಬರೆಯುತ್ತೇನೆ.

ಸಹಿ ಹಾಕಬಹುದಲ್ಲ ಎನ್ನುತ್ತೀಯ. ನಿನ್ನ ತಾಯಿಯನ್ನು ಕೇಳಿ ನೋಡು, ನನ್ನ ಮಗ ಹೈಕಲ್ ಸತ್ತಿದ್ದಾನೆ ಎಂದು ಒಂದು ಕಾಗದದ ಮೇಲೆ ಬರೆದುಕೊಡುತ್ತಾಳಾ ಎಂದು. ಕಣ್ಣಾರೆ ಕಾಣದೆ ನಾನು ಹಾಕುವುದಿಲ್ಲ. ವಜ್ದಿಯ ಅಪ್ಪನೂ ಅದನ್ನೇ ಹೇಳುತ್ತಾನೆ. "ಸಹಿ ಹಾಕ್ದೆ ಅಂದ್ರೆ ನಾಳೆ ಬೆಳಿಗ್ಗೆನೇ ಮನೆ ತುಂಬ ಜನ ಬಂದು ಕೂರ್ತಾರೆ. ಕುರಾನ್ ಓದಿಸ್ಬೇಕು, ಕಾಫಿ ಕಾಯಿಸ್ಬೇಕು. ಆಮೇಲೆ ಅವನು ಬಂದು ಬಾಗಿಲು ತಟ್ಟಿದ್ರೆ ಏನು ಮುಖ ತೋರಿಸ್ತೀಯ?" ಇಷ್ಟು ಹೇಳಿ ಕೆಫೆಗೆ ಹೋದವನು ಕತ್ತಲಾಗುವವರೆಗೂ ಬರಲಿಲ್ಲ. ಅವನು ಸೈಟನ್ನು ಒಂದು ಸಲವೂ ನೋಡಿಲ್ಲ.

ಈ ಕಾಗದದ ಜೊತೆ ಜೀನ್ಸ್ ಬಟ್ಟೆಯ ಒಂದು ತುಂಡು ಇಟ್ಟಿದ್ದೇನೆ. ಅದರಲ್ಲಿ ಎರಡು ಸಾಲು ಹೊಲಿಗೆ ಇವೆ. ಮೇಲಿನದು ಅರೀಜ್ ಹೊಲಿದದ್ದು. ನೂಲು ಬಲಕ್ಕೆ ವಾಲಿದೆ ನೋಡು, ಲೋಕದವರೆಲ್ಲ ಹೊಲಿಯುವುದು ಹಾಗೇ. ಕೆಳಗಿನದು ನನ್ನದು, ಎಡಕ್ಕೆ ವಾಲಿದೆ. ನಾನು ಎಡಚಿ. ಚಿಕ್ಕವಳಿದ್ದಾಗ ಅಮ್ಮ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಉಣ್ಣಿಸುತ್ತಿದ್ದಳು, ಉಣ್ಣುವುದನ್ನು ಬಲಗೈಯಲ್ಲಿ ಕಲಿತೆ, ಸೂಜಿ ಮಾತ್ರ ಬಲಗೈಗೆ ಬರಲಿಲ್ಲ. ಕಾರ್ಖಾನೆಯ ಮೇಲ್ವಿಚಾರಕಿ ನನ್ನ ಕೈಹೊಲಿಗೆಯನ್ನು ಮಾರು ದೂರದಿಂದ ಗುರುತಿಸಿ, "ಬಂತು ನೋಡಿ ಎಡಚಿಯ ಮಳೆ, ಉಲ್ಟಾ ಬೀಳತ್ತೆ" ಎಂದು ಎಲ್ಲರ ಮುಂದೆ ನಗುತ್ತಿದ್ದಳು.

ನೂಲು ಯಾವ ಕಡೆ ವಾಲಿದೆ ಎಂದು ತೋರಿಸು. ಅಷ್ಟೇ ಸಾಕು. ಎಡಕ್ಕಿದ್ದರೆ ಅವನು ನನ್ನವನು, ಅವತ್ತೇ ಬಂದು ಸಹಿ ಹಾಕುತ್ತೇನೆ. ಬಲಕ್ಕಿದ್ದರೆ ನನ್ನ ಮಗ ಎಲ್ಲೋ ಇದ್ದಾನೆ. ಈ ಎರಡರ ಮಧ್ಯೆ ಮೂರು ತಿಂಗಳಿಂದ ನಿಂತಿದ್ದೇನೆ, ಕಾಲು ಸೋತಿದೆ ಮಗಾ.

ಶಾದ್ಲಿಯಾ


ಸಫಾಕಸ್
26 ಫೆಬ್ರವರಿ 2023

ಖಾಲ್ತಿ,

ಮುಗಿಯಿತು. ಎಂಬತ್ತಮೂರು ಚಿತ್ರಗಳಿಗೂ ಎರಡರಷ್ಟು ಅಗಲದ ಪ್ರತಿ ಹಾಕಿದ್ದೇನೆ. ಹೊಸ ಫೋನಿನಲ್ಲಿ ತೆರೆದರೆ ದೊಡ್ಡದೇ ಬರುತ್ತದೆ, ಹಳೇ ಫೋನಿಗೆ ಚಿಕ್ಕದೇ ಹೋಗುತ್ತದೆ. ಸೈಟುಗಳನ್ನು ಪರೀಕ್ಷಿಸಿ ಅಂಕ ಕೊಡುವ ಒಂದು ಯಂತ್ರವಿದೆ, ಅದು ಮೊದಲು ಮೂವತ್ತೆಂಟು ಕೊಟ್ಟಿತ್ತು, ಈಗ ನೂರಕ್ಕೆ ನೂರು. ಇವತ್ತು ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, "ನೋಡ್ರಪ್ಪ, ಗುಂಡಿಯ ನಾಲ್ಕು ತೂತೂ ಎಣಿಸ್ಬಹುದು" ಎಂದರು. ಎಲ್ಲರೂ ನನ್ನ ಬೆನ್ನು ತಟ್ಟಿದರು.

ಅರವತ್ತೊಂದು ಸ್ಪಷ್ಟವಾಗಿದೆ. ಹೊಲಿಗೆ ಕಾಣುತ್ತದೆ. ನಾನು ಏನೂ ಹೇಳುವುದಿಲ್ಲ, ನೀವೇ ನೋಡಿ.

ಹೈಕಲ್


ಕ್ಸಾರ್ ಹಿಲಾಲ್
4 ಮಾರ್ಚ್ 2023

ಮಗಾ ಹೈಕಲ್, ನಿನ್ನ ಕೈಗೆ ಮುತ್ತು,

ಬಲಕ್ಕೆ. ಐದು ಹೊಲಿಗೆ, ಐದೂ ಬಲಕ್ಕೆ. ಅರೀಜ್ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ತೋರಿಸಿದಳು. ಸಾಲಾಗಿ, ಒಪ್ಪವಾಗಿ, ಒಂದರಷ್ಟೇ ಇನ್ನೊಂದು ಉದ್ದ. ಯಾವಳೋ ಬಲಗೈಯವಳು, ಕೈ ಪಳಗಿದವಳು ಹೊಲಿದದ್ದು. ನನ್ನದಲ್ಲ. ನನ್ನದಲ್ಲ ಎಂದು ಜೋರಾಗಿ ಹೇಳಿದೆ. ಅವರಪ್ಪ ಒಳಮನೆಯಿಂದ ಬಂದು ಬಾಗಿಲಲ್ಲಿ ನಿಂತ. ಆಮೇಲೆ ಕೂತು ಎರಡು ತಟ್ಟೆ ಊಟ ಮಾಡಿದ, ಹೋದ ಅಕ್ಟೋಬರಿನಿಂದ ಅವನು ಅಷ್ಟು ಉಂಡದ್ದಿಲ್ಲ.

ಖುಷಿಯಲ್ಲಿ ಬಸೀಸಾ ಸಿಹಿಹಿಟ್ಟು ಕಲಸಿ ಬೀದಿಯವರಿಗೆಲ್ಲ ಹಂಚಿದೆ. ನಾದಿನಿ ಮೂಗು ಮುರಿದಳು, "ಫೋಟೋ ನೋಡ್ಬಿಟ್ಟು ಹಬ್ಬ ಮಾಡ್ತಾಳೆ" ಅಂತ. ಮುರಿದುಕೊಳ್ಳಲಿ.

ಒಂದು ವಿಷಯ ನಿನಗೆ ಮಾತ್ರ ಹೇಳುತ್ತೇನೆ. ಹಂಚಿ ಬಂದ ಮೇಲೆ ಅಡಿಗೆಮನೆಯಲ್ಲಿ ಒಬ್ಬಳೇ ಅತ್ತೆ. ಆ ಐದು ಹೊಲಿಗೆ ಹಾಕಿದವಳೂ ಒಬ್ಬಳು ಇದ್ದಾಳಲ್ಲ. ಅವಳ ಕೈಯಲ್ಲಿ ಹೊಸ ಫೋನ್ ಇದೆಯೋ ಇಲ್ಲವೋ. ಅವಳಿಗೆ ಹೇಗಾದರೂ ತಿಳಿಸಲು ನೋಡು.

ಶಾದ್ಲಿಯಾ


ಕ್ಸಾರ್ ಹಿಲಾಲ್
22 ಏಪ್ರಿಲ್ 2023, ಹಬ್ಬದ ಎರಡನೇ ದಿನ

ಮಗಾ ಹೈಕಲ್,

ಏಳು ವಾರದಿಂದ ನಿನ್ನ ಸದ್ದಿಲ್ಲ. ಉಪವಾಸದಲ್ಲಿ ಬಾಯಿ ಒಣಗಿತ್ತು ಸರಿ, ಕೈಗೂ ಉಪವಾಸವೇ? ಮೊನ್ಸೆಫ್‌ನನ್ನು ಕೇಳಿದರೆ, "ಕಾಗದ ಕೇಳ್ದಾಗೆಲ್ಲ ಆ ಹುಡುಗ ನಾಳೆ ಅಂತಾನೆ" ಎನ್ನುತ್ತಾನೆ. ಈ ಡಬ್ಬಿಯಲ್ಲಿ ಮಕ್ರೂದ್ ಇದೆ, ಖರ್ಜೂರ ನಾನೇ ಆರಿಸಿದ್ದು, ತಿನ್ನು.

ಹಬ್ಬಕ್ಕೆ ವಜ್ದಿಗೆ ಬೂಟು ತಂದಿದ್ದೇನೆ, ನಲವತ್ತಮೂರನೇ ಸೈಜು. ಅರೀಜ್ ಬೈದಳು. ಬೈಯಲಿ. ಇಟಲಿಯ ಶಿಬಿರಗಳಿಗೆಲ್ಲ ಅವಳ ಕೈಯಲ್ಲಿ ಬರೆಸಿದ್ದೇನೆ, ಏಳು ಕಡೆ. ಎರಡು ಕಡೆಯಿಂದ ಇಲ್ಲ ಎಂದು ಬಂತು. ಇನ್ನೂ ಐದು ಇವೆ. ಈಗ ನಿದ್ದೆ ಬರುತ್ತದೆ, ಅವನನ್ನು ಮನಸ್ಸಿನಲ್ಲೇ ಬೈಯುತ್ತಾ ಮಲಗುತ್ತೇನೆ. ಒಂದು ಫೋನ್ ಮಾಡಲು ಏನು ಧಾಡಿ ಇವನಿಗೆ ಎಂದು.

ಮಹದಿಯಾದಲ್ಲಿ ನಜೀಬಾ ಎಂಬವಳ ಪರಿಚಯವಾಯಿತು. ವಿಧವೆ, ಒಬ್ಬನೇ ಮಗ. ಅವಳು ಎಪ್ಪತ್ತನಾಲ್ಕರ ಮಸುಕು ಚಿತ್ರದಲ್ಲಿ ಮಗನಂಥದೇ ಬೆಲ್ಟು ನೋಡಿ ಕುಸಿದಿದ್ದಳಂತೆ. ಮಗ ಬೆಲ್ಟಿನ ಬಕಲ್ ಮೇಲೆ ತನ್ನ ಹೆಸರಿನ ಅಕ್ಷರ ಕೆತ್ತಿಸಿಕೊಂಡಿದ್ದ. ನಿನ್ನ ಹೊಸ ಚಿತ್ರದಲ್ಲಿ ಬಕಲ್ ನುಣ್ಣಗೆ ಹೊಳೆಯುತ್ತಿದೆ, ಮೇಲೆ ಏನೂ ಇಲ್ಲ. ಅವಳೂ ಸಹಿ ಹಾಕಲಿಲ್ಲ. ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸಿದ್ದಾಳೆ. "ಆ ಹುಡುಗ ಸಿಕ್ಕಿದ್ರೆ ಕೂರಿಸಿ ಉಣ್ಣಿಸ್ಬೇಕು ಕಣೇ" ಎಂದಳು. ನಿನ್ನಿಂದ ಎರಡು ಮನೆಯಲ್ಲಿ ಒಲೆ ಉರಿಯುತ್ತಿದೆ ಎಂದು ತಿಳಿದುಕೋ.

ಶಾದ್ಲಿಯಾ


ಸಫಾಕಸ್
25 ಏಪ್ರಿಲ್ 2023

ಖಾಲ್ತಿ,

ಡಬ್ಬಿಯನ್ನು ತೆರೆದಿಲ್ಲ. ಅದನ್ನು ತಿನ್ನುವ ಯೋಗ್ಯತೆ ನನಗಿಲ್ಲ. ಈ ಕಾಗದವನ್ನು ದಯವಿಟ್ಟು ಕೂತು ಓದಿ.

ಆ ದೊಡ್ಡ ಚಿತ್ರಗಳು ನಿಜವಾದ ದೊಡ್ಡ ಚಿತ್ರಗಳಲ್ಲ. ಎರಡು ವರ್ಷದ ಹಿಂದೆ ಕುಗ್ಗಿಸಿದಾಗ ನಾನು ಚಿಕ್ಕವನ್ನು ಮಾತ್ರ ಇಟ್ಟುಕೊಂಡೆ. ಅಲ್ಲಿಂದೀಚೆಗೂ ಬಂದದ್ದನ್ನೆಲ್ಲ ಕುಗ್ಗಿಸಿ, ಜಾಗ ಸಾಲದೆಂದು ಬಂದದ್ದನ್ನು ಅಳಿಸುತ್ತಿದ್ದೆ. ದೊಡ್ಡದು ಮಾಡಿಕೊಡುತ್ತೇನೆ ಎಂದು ನಿಮಗೆ ಬರೆದ ಮೇಲೆ ಹುಡುಕಿದೆ, ಒಂದೂ ಇರಲಿಲ್ಲ. ಆಗಲೇ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ. ಚಿಕ್ಕ ಚಿತ್ರವನ್ನು ಕೊಟ್ಟರೆ ಹಿಗ್ಗಿಸಿ, ಮಸುಕು ತೆಗೆದು, ಅಂಚು ಚೂಪು ಮಾಡಿಕೊಡುವ ಒಂದು ಪ್ರೋಗ್ರಾಂ ಇದೆ. ಹೋಟೆಲಿನ ಹಾಸಿಗೆ, ಈಜುಕೊಳಕ್ಕೆಲ್ಲ ನಾವು ಅದನ್ನೇ ಬಳಸುತ್ತೇವೆ. ಎಂಬತ್ತಮೂರನ್ನೂ ಅದಕ್ಕೆ ಹಾಕಿ, ಬಂದದ್ದನ್ನು ದೊಡ್ಡ ಪ್ರತಿ ಎಂದು ಹೆಸರಿಟ್ಟು ಸೇರಿಸಿದೆ. ಪರೀಕ್ಷೆಯ ಯಂತ್ರ ಅಗಲವನ್ನು ಮಾತ್ರ ಅಳೆಯುತ್ತದೆ, ನೂರಕ್ಕೆ ನೂರು ಕೊಟ್ಟಿತು. ನಮ್ಮ ಕಸುಬಿನಲ್ಲಿ ಆ ನೂರು ಕಂಡರೆ ಮತ್ತೆ ಯಾರೂ ತಿರುಗಿ ನೋಡುವುದಿಲ್ಲ.

ಆ ಪ್ರೋಗ್ರಾಂ ಮಸುಕಿನ ಹಿಂದೆ ಏನಿದೆ ಎಂದು ಕಾಣಲಾರದು. ಸಾವಿರಾರು ಪ್ಯಾಂಟುಗಳ ಚಿತ್ರ ನೋಡಿ, ಇಂಥ ಕಡೆ ಹೀಗಿರಬಹುದು ಎಂದು ಊಹಿಸಿ ತುಂಬುತ್ತದೆ. ಎಲ್ಲರ ಹೊಲಿಗೆಯೂ ಬಲಕ್ಕೆ ವಾಲುವುದರಿಂದ ಅದೂ ಬಲಕ್ಕೆ ಹಾಕಿದೆ. ಆ ಐದು ಹೊಲಿಗೆಗಳನ್ನು ಯಾವ ತಾಯಿಯೂ ಹಾಕಿದ್ದಲ್ಲ. ಬಕಲ್ ನುಣ್ಣಗಿರುವುದೂ ಹಾಗೇ.

ನಿಮ್ಮ ಮಾರ್ಚ್ ತಿಂಗಳ ಕಾಗದ ಓದುತ್ತಿದ್ದಂತೆಯೇ ನನಗೆ ಗೊತ್ತಾಯಿತು. ಹೊಲಿಗೆಗಳು ಒಂದರಷ್ಟೇ ಇನ್ನೊಂದು ಉದ್ದ ಎಂದು ಬರೆದಿದ್ದಿರಲ್ಲ, ಆ ಸಾಲಿನಲ್ಲೇ. ನೀವು ಬಸೀಸಾ ಹಂಚಿದ್ದನ್ನು ಓದಿದ ಮೇಲೆ ಬರೆಯಲು ಕೈ ಬರಲಿಲ್ಲ. ನಾಳೆ ಬರೆಯೋಣ, ಉಪವಾಸ ಮುಗಿಯಲಿ, ಹಬ್ಬ ಕಳೆಯಲಿ ಎಂದು ದಿನ ದೂಡಿದೆ. ಇನ್ನು ಹತ್ತೇ ದಿನ ಉಳಿದಿದೆ. ನಾನು ಹೇಡಿ, ಖಾಲ್ತಿ.

ಹೈಕಲ್


ಕ್ಸಾರ್ ಹಿಲಾಲ್
26 ಏಪ್ರಿಲ್ 2023

ಹೈಕಲ್ ಅವರಿಗೆ,

ಇನ್ನು ನಿಮಗೆ ನೀವು ಎಂದೇ ಬರೆಯುತ್ತೇನೆ.

ಕಾಣುವುದಿಲ್ಲ ಎಂದು ಬಿಟ್ಟಿದ್ದರೆ ನಾನು ಕಾಣದ್ದನ್ನು ಇಟ್ಟುಕೊಂಡೇ ಬದುಕುತ್ತಿದ್ದೆ. ನಿಮ್ಮನ್ನು ಯಾರು ಊಹಿಸಿ ಬರೆಯಿರಿ ಎಂದರು? ನನ್ನ ಮಗನ ಪ್ಯಾಂಟಿನ ಮೇಲೆ ಹೊಲಿಗೆ ಹಾಕಲು ನೀವು ಯಾರು?

ಅರೀಜ್‌ಗೆ ಹೇಳಿದೆ. ಅವರಪ್ಪನಿಗೆ ಹೇಳಿಲ್ಲ. ನಿನ್ನೆ ಅವನು ಬೂಟಿಗೆ ಪಾಲಿಶ್ ಹಚ್ಚಿಟ್ಟಿದ್ದಾನೆ, ಹೊಸ ಬೂಟಿಗೆ ಯಾರಾದರೂ ಪಾಲಿಶ್ ಹಚ್ಚುತ್ತಾರೆಯೇ.

ನಿಮ್ಮ ನಾಲ್ಕು ಪುಟದಲ್ಲಿ ಕಂಪ್ಯೂಟರು ಬಂತು, ಪ್ರೋಗ್ರಾಂ ಬಂತು, ಹೋಟೆಲಿನ ಹಾಸಿಗೆ ಬಂತು. ಒಂದು ವಿಷಯ ಮಾತ್ರ ಬರಲಿಲ್ಲ. ಆ ಫೋಟೋ ತೆಗೆದವನು ಒಬ್ಬ ಮನುಷ್ಯ ಇದ್ದಾನಲ್ಲ. ಅವನನ್ನು ಕೇಳಿದಿರಾ?

ಶಾದ್ಲಿಯಾ


ಸಫಾಕಸ್
29 ಏಪ್ರಿಲ್ 2023

ಖಾಲ್ತಿ,

ಕೇಳಿರಲಿಲ್ಲ. ಫೋಟೋ ತೆಗೆಯುವವರು ಬೂರಾವಿ ಕಾಕಾ. ಮೊದಲು ಮೀನು ಹಿಡಿಯುತ್ತಿದ್ದವರು, ಈಗ ದಡಕ್ಕೆ ಬಂದವರನ್ನು ತೊಳೆದು ಹೂಳುವವರು. ನನ್ನ ಕಚೇರಿಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಅವರು ಚಿತ್ರಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು, ಅದು ದಾರಿಯಲ್ಲೇ ಅರ್ಧಕ್ಕೆ ಕುಗ್ಗಿಸಿಬಿಡುತ್ತದೆ. ಎರಡು ವರ್ಷದ ಚಿತ್ರಗಳನ್ನು ಆ ವಯಸ್ಸಿನವರು ಫೋನಿನಲ್ಲಿ ಇಟ್ಟುಕೊಂಡಿರಲಾರರು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ನಿಮ್ಮ ಕಾಗದ ಬಂದ ಮಧ್ಯಾಹ್ನವೇ ಹೋದೆ. ಅಂಗಳದಲ್ಲಿ ಕೂತು ಬಲೆ ಬಿಡಿಸುತ್ತಿದ್ದರು. ಹಳೇ ಚಿತ್ರ ಏನಾದರೂ ಉಳಿದಿವೆಯಾ ಎಂದು ಕೇಳಿದೆ. ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿ, ಜೇಬಿನಿಂದ ಫೋನ್ ತೆಗೆದುಕೊಟ್ಟರು. "ಎಲ್ಲಾ ಇದಾವೆ. ಅಳಿಸೋದು ಹೇಗೆ ಅಂತ ನಂಗೆ ಗೊತ್ತಿದ್ರೆ ತಾನೇ. ಫೋನ್ ತುಂಬ್ತು ಅಂತ ಮೊಮ್ಮಗಳು ಬೈತಾಳೆ. ಅಳಿಸ್ಕೊಡ್ಲಾ ತಾತ ಅಂತಾಳೆ. ಬೇಡ ಕಣಮ್ಮ, ಇವ್ರನ್ನ ಒಂದ್ಸಲ ಹೂಳಿದೀನಿ, ಎರಡನೇ ಸಲ ಬೇಡ ಅಂದೆ."

ಎಂಬತ್ತಮೂರೂ ಇದ್ದವು, ತೆಗೆದ ಅಳತೆಯಲ್ಲೇ. ಈ ಮೂರು ದಿನ ಬೇರೆ ಕೆಲಸ ಮುಟ್ಟಿಲ್ಲ. ಪ್ರೋಗ್ರಾಂ ಮಾಡಿಕೊಟ್ಟದ್ದನ್ನೆಲ್ಲ ಕಿತ್ತುಹಾಕಿ, ಮೂಲದಿಂದಲೇ ಹೊಸ ಪ್ರತಿ ಮಾಡಿದ್ದೇನೆ. ಈಗ ಸೈಟಿನಲ್ಲಿರುವುದು ಕಾಕಾ ಅವತ್ತು ಕಂಡದ್ದು, ಅಷ್ಟೇ. ಯಾವುದಕ್ಕೂ ನಾನು ಏನೂ ಸೇರಿಸಿಲ್ಲ.

ನಿಮ್ಮ ಬಟ್ಟೆಯ ತುಂಡನ್ನು ಪರದೆಯ ಪಕ್ಕ ಹಿಡಿದು ಅರವತ್ತೊಂದನ್ನು ನೋಡಿದೆ. ಒಮ್ಮೆ ಸುಳ್ಳು ತೋರಿಸಿದವನ ಬಾಯಿಂದ ನೀವು ಇದನ್ನು ಕೇಳಬಾರದು. ಅರೀಜ್ ಪಕ್ಕದಲ್ಲಿದ್ದಾಗ ತೆರೆಯಿರಿ. ಮೇ ಐದರವರೆಗೆ ಸಮಯವಿದೆ.

ಹೈಕಲ್


ಕ್ಸಾರ್ ಹಿಲಾಲ್
6 ಮೇ 2023

ಮಗಾ ಹೈಕಲ್,

ಮೊನ್ಸೆಫ್ ಲಕೋಟೆ ಕೊಟ್ಟಾಗಲೇ ಗೊತ್ತಾಯಿತು. ಬೇರೆಯವರ ಮಗನಾಗಿದ್ದರೆ ನೀನು ಕಾಗದ ಬರೆಯುತ್ತಾ ಕೂರುತ್ತಿರಲಿಲ್ಲ, ಆ ಕ್ಷಣವೇ ಅರೀಜ್‌ಗೆ ಫೋನ್ ಮಾಡುತ್ತಿದ್ದೆ. ಲಕೋಟೆಯನ್ನು ಕೈಯಲ್ಲಿ ಹಿಡಿದುಕೊಂಡು ಎರಡು ದಿನ ಮನೆಯೊಳಗೆ ಓಡಾಡಿದೆ. ರೊಟ್ಟಿ ಮಾಡಿದೆ, ಬಟ್ಟೆ ಒಗೆದೆ. ಮಂಗಳವಾರ ಬೆಳಿಗ್ಗೆ ಅವರಪ್ಪನನ್ನೂ ಕರೆದು ಕೂರಿಸಿ ಎಲ್ಲವನ್ನೂ ಹೇಳಿ, ಅರೀಜ್‌ಗೆ ತೆರೆ ಎಂದೆ.

ಎಡಕ್ಕೆ. ನಾಲ್ಕು ಹೊಲಿಗೆ ಎಡಕ್ಕೆ, ಒಂದು ಉದ್ದ ಒಂದು ಗಿಡ್ಡ. ಐದನೆಯದು ಅರ್ಧಕ್ಕೇ ನಿಂತಿದೆ. ಅವತ್ತು ನೂಲು ಸಾಲದೆ ಬಂದಿತ್ತು. ಇನ್ನೊಂದು ನೂಲು ಪೋಣಿಸುತ್ತೇನೆ ಇರೋ ಎಂದರೆ, "ಸಾಕು ಬಿಡಮ್ಮ, ಜೇಬು ನೋಡೋಕೆ ಯಾರು ಬರ್ತಾರೆ" ಎಂದು ಕೈಯಿಂದ ಕಿತ್ತುಕೊಂಡು ಹೋಗಿದ್ದ. ಅದನ್ನು ನಾನು ಮರೆತೇಬಿಟ್ಟಿದ್ದೆ, ಚಿತ್ರ ನೋಡಿದ ಮೇಲೆ ನೆನಪಾಯಿತು. ಅವರಪ್ಪ ಪರದೆಯನ್ನು ಅಂಗೈಯಲ್ಲಿ ಮುಚ್ಚಿದ.

ಬುಧವಾರ ಸಫಾಕಸ್‌ಗೆ ಬಂದು ಸಹಿ ಹಾಕಿದೆ, ರಕ್ತ ಕೊಟ್ಟೆ. ಕಚೇರಿಯ ಗುಮಾಸ್ತ, "ಯಾವ ಆಧಾರದ ಮೇಲೆ ಅಂತ ಬರೀಲಿ ಅಮ್ಮ?" ಎಂದು ಕೇಳಿದ. ಹೊಲಿಗೆ ಎಂದು ಬರಿ ಎಂದೆ. ಬರೆದ. ನಿನ್ನ ಕಚೇರಿಯ ಬಾಗಿಲ ಮುಂದೆಯೇ ಹಾದುಹೋದೆ, ಒಳಗೆ ಬರಲಿಲ್ಲ. ಬಂದಿದ್ದರೆ ಹೊಡೆಯುತ್ತಿದ್ದೆನೋ, ತಬ್ಬಿಕೊಂಡು ಅಳುತ್ತಿದ್ದೆನೋ, ನನಗೇ ಗೊತ್ತಿಲ್ಲ. ನಿನ್ನ ಸುಳ್ಳಿನಿಂದ ಎಂಟು ವಾರ ನನ್ನ ಮಗ ಬದುಕಿದ್ದ. ಅದನ್ನು ಕೊಟ್ಟವನೂ ನೀನೇ, ಕಿತ್ತುಕೊಂಡವನೂ ನೀನೇ. ನಿನ್ನನ್ನು ಶಪಿಸಲು ಎರಡು ಸಲ ಕೂತೆ, ಆಗಲಿಲ್ಲ. ಕ್ಷಮಿಸಲೂ ಆಗಿಲ್ಲ.

ಈಗ ಮನೆ ತುಂಬ ಜನ ಇದ್ದಾರೆ. ಅಡಿಗೆಮನೆಯ ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಇನ್ನೊಂದು ಕೆಲಸ ಬಾಕಿ ಇದೆ.

ಮೊನ್ನೆ ರಾತ್ರಿ ಅರೀಜ್ ಮಲಗಿದ ಮೇಲೆ ಅವಳ ಫೋನಿನಲ್ಲಿ ಎಪ್ಪತ್ತನಾಲ್ಕನ್ನು ನಾನೇ ತೆರೆದೆ. ಬಕಲ್ ಮೇಲೆ ಅಕ್ಷರ ಇದೆ. ನೀನೂ ನೋಡಿರುತ್ತೀಯ. ನಜೀಬಾ ಅದನ್ನು ಮತ್ತೆ ತೆರೆದಿಲ್ಲ, ಅವಳ ಪಾಲಿಗೆ ಅದು ಮುಗಿದ ವಿಷಯ. ನಿನ್ನೆ ನನ್ನ ಸುದ್ದಿ ತಿಳಿದು ಅತ್ತುಕೊಂಡು ಫೋನ್ ಮಾಡಿದಳು. "ನಿನ್ನ ಗತಿ ನೆನೆಸ್ಕೊಂಡ್ರೆ ಎದೆ ಒಡ್ಯತ್ತೆ ಶಾದ್ಲಿಯಾ, ನನ್ನ ಪುಣ್ಯ ನನ್ನ ಮಗ ಅಲ್ಲ ಅದು" ಎಂದಳು. ನಾನು ಹೂಂ ಎಂದು ಫೋನ್ ಇಟ್ಟೆ. ಆಗ ನಿನ್ನ ಹೇಡಿತನ ಎಂಥದ್ದು ಎಂದು ನನಗೂ ಗೊತ್ತಾಯಿತು. ಅವಳ ಗಡುವು ಮೇ ಹತ್ತೊಂಬತ್ತಕ್ಕೆ ಮುಗಿಯುತ್ತದೆ.

ಅವಳಿಗೆ ಫೋನ್ ಮಾಡಬೇಡ. ಕಾಗದ ಬರೆಯಬೇಡ. ಅವಳು ಒಬ್ಬಳೇ ಇರುವ ಮನೆ ಅದು. ಸೋಮವಾರ ಬೆಳಿಗ್ಗೆ ಮೊದಲ ಲುವಾಜ್ ಹತ್ತಿ ಮಹದಿಯಾಕ್ಕೆ ಬಾ, ನಾನು ನಿಲ್ದಾಣದಲ್ಲಿರುತ್ತೇನೆ. ನಿನ್ನನ್ನು ಉಣ್ಣಲು ಕೂರಿಸುತ್ತಾಳೆ, ಊಟಕ್ಕೆ ಕೈ ಹಾಕುವ ಮುಂಚೆ ಹೇಳಬೇಕು. ಹೇಳುವವನು ನೀನೇ. ನಾನು ಅವಳ ಪಕ್ಕದಲ್ಲಿ ಕೂತಿರುತ್ತೇನೆ.

ವಜ್ದಿಯ ತಾಯಿ
ಶಾದ್ಲಿಯಾ